ಮರಗಸಿಗೆ ಚಿಕ್ಕ ಚೈನ್ ಸಾ: ನನ್ನ ಎರಡು ಮಿಷನ್‌ಗಳ ಬಗ್ಗೆ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸದ ಕಾಂಟ್ರಾಕ್ಟ್ ಮಾಡುತ್ತೇನೆ. ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ, ಮುಂಗಾರು ಹಿಡಿಯುವುದರೊಳಗೆ ನೆರಳು ಬಿಡಿಸಿ ಕೊಡಬೇಕು. ಕೊಂಬೆ ಇಳಿಯಬೇಕು, ಆದರೆ ಕೆಳಗಿನ ಕಾಫಿ ಗಿಡ ಮುರಿಯಬಾರದು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಚೈನ್ ತಾಗಬಾರದು. ಹತ್ತು ವರ್ಷ ಬೆಳೆದ ಬಳ್ಳಿ ಒಂದು ಕ್ಷಣದಲ್ಲಿ ಹೋಗುತ್ತೆ, ಅಲ್ವಾ?

ಶುರುವಿನಲ್ಲಿ ನಾನೂ ಸಿಸಿ, ಅಂದರೆ ಇಂಜಿನ್ ಸೈಜ್ ನೋಡಿಯೇ ಮಿಷನ್ ಕೊಂಡೆ. 58 ಸಿಸಿ, 22 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ), ಕಡಿಮೆ ರೇಟು. ನೆಲದ ಮೇಲೆ ಬಿದ್ದ ದಿಮ್ಮಿ ಕೊಯ್ಯಲು ಸರಿಯಾಗಿತ್ತು. ಇಳಿಜಾರಿನಲ್ಲಿ, ಗಿಡಗಳ ಸಂದಿಯಲ್ಲಿ ಹೊತ್ತು ತಿರುಗಿದರೆ ಮಧ್ಯಾಹ್ನದೊಳಗೆ ತೋಳು ಸೋತು ಹೋಗುತ್ತಿತ್ತು. ಸೋತ ಕೈಯಲ್ಲಿ ಓಡುವ ಚೈನ್ ಹಿಡಿಯುವುದು ತುಂಬಾ ಅಪಾಯ.

ನಾಲ್ಕು ಸೀಸನ್ ಹಿಂದೆ ಸ್ಟಿಲ್ ಎಂಎಸ್ 180 ತಂದೆ. 31.8 ಸಿಸಿ. ಬಾರ್, ಚೈನ್ ಬಿಟ್ಟು ತೂಕ ಸುಮಾರು ನಾಲ್ಕು ಕೆಜಿ. ನನ್ನದಕ್ಕೆ 14 ಇಂಚಿನ ಬಾರ್ ಇದೆ. ತೊಡೆ ದಪ್ಪದ ಹಾಲುವಾಣ, ಸಿಲ್ವರ್ ಕೊಂಬೆಗಳಿಗೆ ಇಷ್ಟು ಸಾಕೇ ಸಾಕು. ಮರಗಸಿಯಲ್ಲಿ ದೊಡ್ಡ ಬುಡ ಕೊಯ್ಯುವ ಕೆಲಸ ಅಪರೂಪ. ದಿನವಿಡೀ ಕೊಂಬೆ ತುಂಡು ಮಾಡುವುದೇ ಜಾಸ್ತಿ. ಅದಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಮಿಷನ್ ನನಗೆ ಸಿಕ್ಕಿಲ್ಲ.

ಆದರೆ ಇದರ ಹಿಡಿ ಹಿಂದೆ ಇದೆ. ನೆಲದ ಮೇಲೆ ಗಟ್ಟಿಯಾಗಿ ನಿಂತು ಕೊಯ್ಯುವವರಿಗೆ ಮಾಡಿದ್ದು. ಮರದ ಮೇಲಿನ ಕೆಲಸಕ್ಕೆ ಅಂತ ಹೋದ ವರ್ಷ ಹಸ್ಕ್ವಾರ್ನಾ ಟಿ435 ತೆಗೆದುಕೊಂಡೆ. 35.2 ಸಿಸಿ, 3.4 ಕೆಜಿ, ಹಿಡಿ ಮೇಲೆಯೇ ಇದೆ. ಮೈಗೆ ಹತ್ತಿರ ಹಿಡಿದು ಕೊಯ್ಯಬಹುದು, ಸೊಂಟದ ಬೆಲ್ಟಿಗೆ ನೇತುಹಾಕಬಹುದು. ಸಿಲ್ವರ್ ಮರದ ತುದಿಯಲ್ಲಿ ಇದರ ಬೆಲೆ ಗೊತ್ತಾಗುತ್ತೆ. ಹಗುರ ಇದೆ ಅಂತ ಒಂದೇ ಕೈಯಲ್ಲಿ ಹಿಡಿಯುವ ಆಸೆ ಬರುತ್ತೆ. ದಯವಿಟ್ಟು ಬೇಡ. ಬಾರ್ ಮೂತಿಯ ಮೇಲ್ಭಾಗ ಪಕ್ಕದ ಕೊಂಬೆಗೆ ತಾಗಿದರೆ ಮಿಷನ್ ಸಟ್ಟನೆ ಮುಖದ ಕಡೆಗೇ ಎಗರುತ್ತೆ. ಒಂದು ಕೈಯಲ್ಲಿ ಅದನ್ನು ತಡೆಯಲು ಆಗಲ್ಲ. ಹಗ್ಗ, ಬೆಲ್ಟ್ ಹಾಕಿ ಹತ್ತಲು ಕಲಿತವರು ನಿಮ್ಮ ಗ್ಯಾಂಗಿನಲ್ಲಿ ಇಲ್ಲದಿದ್ದರೆ ಈ ಮಿಷನ್ ತರಲೇಬೇಡಿ.

ಇನ್ನು ಚೈನ್. ಎರಡೂ 14 ಇಂಚು ಆದರೂ ಬಾರಿನ ಸೀಳಿನೊಳಗೆ ಕೂರುವ ಲಿಂಕ್ (ಕೊಂಡಿ) ನನ್ನ ಸ್ಟಿಲ್‌ಗೆ 50, ಹಸ್ಕ್ವಾರ್ನಾಗೆ 52. ಅಂಗಡಿಯಲ್ಲಿ ಸುಮ್ನೆ 'ಹದಿನಾಲ್ಕು ಇಂಚಿಂದು ಕೊಡಿ' ಅಂದರೆ ತಪ್ಪು ಚೈನ್ ಮನೆಗೆ ಬರುತ್ತೆ. ಹಳೇ ಚೈನ್ ಜೊತೆಗೇ ಒಯ್ಯಿರಿ.

ಮಿಷನ್ ಮಂಕಾಯಿತು ಅಂತ ಜನ ರಿಪೇರಿಗೆ ಓಡುತ್ತಾರೆ. ಮೊದಲು ಉದುರುವ ಹೊಟ್ಟು ನೋಡಿ. ಹರಿತ ಇದ್ದರೆ ಅವಲಕ್ಕಿಯಂಥ ಚೂರು ಬೀಳುತ್ತೆ. ಹಿಟ್ಟಿನಂಥ ಪುಡಿ ಬಂದರೆ ಹಲ್ಲು ಮೊಂಡಾಗಿದೆ ಅಂತ ಅರ್ಥ. ಆಗ ನಾವು ಮಿಷನ್ನನ್ನು ಒತ್ತುತ್ತೇವೆ. ಒತ್ತಿದಷ್ಟೂ ಬಾರ್ ಕಾಯುತ್ತೆ, ಇಂಜಿನ್ ಸವೆಯುತ್ತೆ.

ನನ್ನ ಎರಡೂ ಚೈನಿಗೆ 4 ಮಿಲಿಮೀಟರ್ ಉರುಟು ಅರ ನಡೆಯುತ್ತೆ. ಸ್ಟಿಲ್ ಚೈನಿನ ಹಲ್ಲಿನ ಮೇಲೆ ಒಂದು ಸಣ್ಣ ಓರೆ ಗೆರೆ ಇದೆ. ಅರವನ್ನು ಅದಕ್ಕೆ ಸಮನಾಗಿ ಹಿಡಿದರೆ 30 ಡಿಗ್ರಿ ಓರೆ ತಾನಾಗಿಯೇ ಸಿಗುತ್ತೆ. ಒಳಗಿನಿಂದ ಹೊರಗೆ ಮಾತ್ರ ತಳ್ಳಬೇಕು, ವಾಪಸ್ ಎಳೆಯುವಾಗ ಎತ್ತಿಬಿಡಬೇಕು. ಒಂದೊಂದು ಹಲ್ಲಿಗೆ ಮೂರು ಸಲ. ಎಲ್ಲ ಹಲ್ಲಿಗೂ ಅಷ್ಟೇ ಲೆಕ್ಕ. ಒಂದು ಬದಿಗೆ ಜಾಸ್ತಿ ಬಿದ್ದರೆ ಬಾರ್ ಓರೆಯಾಗಿ ಕೊಯ್ಯುತ್ತೆ. ಹಲ್ಲು ಸವೆದ ಹಾಗೆ ಅದರ ಮುಂದಿನ ಗುಬುಟನ್ನೂ ತಗ್ಗಿಸಬೇಕು. ಗುಬುಟು ಹಲ್ಲಿನ ತುದಿಗಿಂತ 0.65 ಮಿಲಿಮೀಟರ್ ತಗ್ಗಿದ್ದರೆ ಸಾಕು. ಕಣ್ಣಂದಾಜು ಬೇಡ, ಗೇಜ್ ಇಟ್ಟುಕೊಳ್ಳಿ. ಜಾಸ್ತಿ ತಗ್ಗಿಸಿದರೆ ಚೈನ್ ಕಚ್ಚಿಕೊಂಡು ಎಗರುತ್ತೆ.

ಅತ್ತಿ, ಬಸರಿ ಕೊಯ್ದ ದಿನ ಬೇರೆಯೇ ಕೆಲಸ. ಆ ಮರಗಳ ಸೊನೆಗೆ ಹೊಟ್ಟು ಮೆತ್ತಿ, ಸೈಡ್ ಕವರ್ ಒಳಗೆ ಕಪ್ಪು ಅಂಟಿನ ಹಾಗೆ ಗಟ್ಟಿಯಾಗುತ್ತೆ. ಮಾರನೇ ದಿನಕ್ಕೆ ಬಿಟ್ಟರೆ ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಕು. ಸಂಜೆಯೇ ಕವರ್ ಬಿಚ್ಚಿ, ಬಾರಿನ ಸೀಳು ಕೆರೆದು, ಎಣ್ಣೆ ಬರುವ ತೂತು ಬಿಡಿಸಿ, ಬಾರನ್ನು ತಲೆಕೆಳಗು ಮಾಡಿ ಹಾಕುತ್ತೇನೆ. ಹಾಗೆ ತಿರುಗಿಸಿದರೆ ಎರಡೂ ಅಂಚು ಒಂದೇ ಸಮ ಸವೆಯುತ್ತೆ. ಗ್ಯಾರೇಜಿನ ಸುಟ್ಟ ಎಣ್ಣೆಯನ್ನು ಚೈನಿಗೆ ಹಾಕುವವರು ನಮ್ಮ ಕಡೆ ತುಂಬಾ ಜನ. ಅದು ಚೈನಿಗೆ ಅಂಟಿ ನಿಲ್ಲಲ್ಲ, ಕಬ್ಬಿಣದ ಪುಡಿ ಬೇರೆ ಇರುತ್ತೆ. ಅದೆಲ್ಲ ಹಾರಿ ಬೀಳುವುದು ಕಾಫಿ ಗಿಡದ ಮೇಲೆ, ನಮ್ಮ ಕೈಮೇಲೆ.

ಪೆಟ್ರೋಲ್ ಲೀಟರಿಗೆ 20 ಎಂಎಲ್ ಒಳ್ಳೆಯ 2ಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸುತ್ತೇನೆ, ಅಂದರೆ 50ಕ್ಕೆ 1. ಒಂದು ವಾರಕ್ಕೆ ಬೇಕಾದಷ್ಟೇ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಅದು ನೀರಿನ ಪಸೆ ಎಳೆದುಕೊಳ್ಳುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕೇ? ನನ್ನ ಆ 58 ಸಿಸಿ ಮಿಷನ್ನಿನ ಟ್ಯಾಂಕಿನಲ್ಲಿ ಒಮ್ಮೆ ಮೂರು ತಿಂಗಳು ಪೆಟ್ರೋಲ್ ಹಾಗೇ ಬಿಟ್ಟಿದ್ದೆ. ಬಿಚ್ಚಿ ನೋಡಿದರೆ ಕಾರ್ಬೊರೇಟರಿನ ತೆಳು ಪೊರೆ ಹಪ್ಪಳದ ಹಾಗೆ ಸೆಟೆದಿತ್ತು.

ಈಗ ಸೀಸನ್ ಮುಗಿದ ದಿನವೇ ಎರಡೂ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒಲೆಮನೆಯ ಅಟ್ಟದ ಮೇಲೆ ಬೆಚ್ಚಗೆ ಇಡುತ್ತೇನೆ. ನಾಲ್ಕನೇ ವರ್ಷವೂ 180 ಮೂರನೇ ಎಳೆತಕ್ಕೆ ಸ್ಟಾರ್ಟ್ ಆಯಿತು.