ಬೈರನ್‌ ಕವಿತೆಯ ಆನ್‌ಲೈನ್ ಪಾಠ: ವಿಡಿಯೊಗಿಂತ ತಿದ್ದಿದ ಪ್ರಬಂಧವೇ ವಾಸಿ

ಇಂಗ್ಲೆಂಡಿನಲ್ಲಿ ಮಕ್ಕಳನ್ನು ನಮ್ಮ ಎಸ್‌ಎಸ್‌ಎಲ್‌ಸಿಯಂಥ ಜಿಸಿಎಸ್‌ಇ ಪರೀಕ್ಷೆಗೆ ಕೂರಿಸುವ ಕನ್ನಡದ ತಂದೆತಾಯಂದಿರಿಗೆ ಗಣಿತ, ವಿಜ್ಞಾನಗಳ ಟ್ಯೂಷನ್ ಬಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಬೇಕಾದಷ್ಟಿರುತ್ತದೆ. ಇಂಗ್ಲಿಷ್ ಸಾಹಿತ್ಯದ ಮಾತು ಬಂದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. ನನ್ನ ಮಗಳು ಓದುತ್ತಿರುವುದು ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ‘ಲವ್ ಅಂಡ್ ರಿಲೇಷನ್‌ಶಿಪ್ಸ್’ ಕವನಗುಚ್ಛ. ಅದರಲ್ಲಿರುವ 15 ಕವಿತೆಗಳ ಪೈಕಿ ಅವಳಿಗೆ ತಲೆನೋವಾಗಿದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕವಿ ಲಾರ್ಡ್ ಬೈರನ್‌ನ ‘ವೆನ್ ವಿ ಟೂ ಪಾರ್ಟೆಡ್’ (ನಾವಿಬ್ಬರು ಅಗಲಿದಾಗ). ಪದಗಳೆಲ್ಲ ಸುಲಭವಾಗಿಯೇ ಇದ್ದರೂ ಏನು ಬರೆಯಬೇಕೆಂದು ತೋಚುವುದಿಲ್ಲ ಎನ್ನುವುದು ಅವಳ ದೂರು. ಹೀಗಾಗಿ ಈ ಒಂದು ಕವಿತೆಗೆಂದೇ ಮಾರಾಟಕ್ಕಿದ್ದ ಆನ್‌ಲೈನ್ ಪಾಠವನ್ನು 18 ಪೌಂಡ್ ಕೊಟ್ಟು ಕೊಂಡೆ. ಇಬ್ಬರು ಶಿಕ್ಷಕಿಯರು ತಾವೇ ನಡೆಸುತ್ತಿರುವ ಸಣ್ಣ ವ್ಯವಸ್ಥೆ ಅದು. ಹೆಸರು ಹಾಕಿ ಅವರ ಹೊಟ್ಟೆಯ ಮೇಲೆ ಹೊಡೆಯುವ ಇಚ್ಛೆ ನನಗಿಲ್ಲ. ಇಂಥ ಪಾಠಗಳನ್ನು ಕೊಳ್ಳುವವರು ಏನನ್ನು ಗಮನಿಸಬೇಕೆಂದು ತಿಳಿಸುವುದಷ್ಟೇ ಉದ್ದೇಶ.

ಕೊಟ್ಟ ಹಣಕ್ಕೆ ಮೂರು ಸಿಗುತ್ತವೆ: 47 ನಿಮಿಷಗಳ ವಿಡಿಯೊ, ಸಾಲುಸಾಲಿಗೂ ಟಿಪ್ಪಣಿ ಇರುವ ನಾಲ್ಕು ಪುಟಗಳ ಹಾಳೆ, ಮತ್ತು ಮಗು ಬರೆದು ಕಳುಹಿಸುವ ಒಂದು ಪ್ರಬಂಧದ ತಿದ್ದುಪಡಿ.

ವಿಡಿಯೊದ ಮೊದಲ 28 ನಿಮಿಷಗಳನ್ನು ಕವಿತೆಯ ಹಿಂದಿನ ಕಥೆಯೇ ನುಂಗಿಬಿಡುತ್ತದೆ. ಕಥೆಯನ್ನು ಚೆನ್ನಾಗಿಯೇ ಹೇಳಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. 1813ರ ಶರತ್ಕಾಲದಲ್ಲಿ ಬೈರನ್ ತನ್ನ ಗೆಳೆಯ ಜೇಮ್ಸ್ ವೆಡರ್‌ಬರ್ನ್ ವೆಬ್‌ಸ್ಟರ್‌ನ ಮನೆಗೆ ಅತಿಥಿಯಾಗಿ ಹೋಗಿ, ಆ ಗೆಳೆಯನ ಹೆಂಡತಿ ಲೇಡಿ ಫ್ರಾನ್ಸಿಸ್‌ಳಲ್ಲಿ ಅನುರಕ್ತನಾಗಿದ್ದು. ಕೆಲವೇ ವರ್ಷಗಳಲ್ಲಿ ಅದೇ ಫ್ರಾನ್ಸಿಸ್‌ಳ ಹೆಸರು ವಾಟರ್ಲೂ ಯುದ್ಧದ ವಿಜಯಿ ವೆಲ್ಲಿಂಗ್ಟನ್‌ನೊಂದಿಗೆ ಪತ್ರಿಕೆಯಲ್ಲಿ ತಳಕು ಹಾಕಿಕೊಂಡಿದ್ದು. ವೆಬ್‌ಸ್ಟರ್ ಮಾನನಷ್ಟದ ದಾವೆ ಹೂಡಿ 2000 ಪೌಂಡ್ ಪರಿಹಾರ ಗೆದ್ದಿದ್ದು. 1816ರಲ್ಲಿ ಕವಿತೆಯನ್ನು ಪ್ರಕಟಿಸುವಾಗ ಯಾರಿಗೂ ಗುಟ್ಟು ತಿಳಿಯಬಾರದೆಂದು ಬೈರನ್ ಅದು 1808ರ ರಚನೆಯೆಂದು ಸುಳ್ಳು ಇಸವಿ ಹಾಕಿದ್ದು, ಇವೆಲ್ಲವನ್ನೂ ಧಾರಾವಾಹಿಯ ಕಂತುಗಳಂತೆ ಕಟ್ಟಿಕೊಟ್ಟಿದ್ದಾರೆ. ಮಗಳು ಫೋನು ಮುಟ್ಟದೆ ನೋಡಿದಳು. ನಾನೂ ಕುಳಿತು ನೋಡಿದೆ.

ಆದರೆ ಪರೀಕ್ಷೆಯ ಲೆಕ್ಕವೇ ಬೇರೆ. ಈ ಪ್ರಶ್ನೆಗೆ ಇರುವ 30 ಅಂಕಗಳಲ್ಲಿ ಕಾಲ, ಸಂದರ್ಭಗಳ ತಿಳಿವಳಿಕೆಗೆ ಮೀಸಲಾಗಿರುವುದು 6 ಮಾತ್ರ. ಕವಿತೆಯನ್ನು ಅರ್ಥ ಮಾಡಿಕೊಂಡು ಸಾಲುಗಳ ಆಧಾರದ ಮೇಲೆ ವಾದ ಮಂಡಿಸುವುದಕ್ಕೆ 12, ಭಾಷೆ ಮತ್ತು ರಚನೆಯನ್ನು ವಿಶ್ಲೇಷಿಸುವುದಕ್ಕೆ ಇನ್ನೊಂದು 12. ಆರು ಅಂಕದ ಭಾಗಕ್ಕೆ ಇಪ್ಪತ್ತೆಂಟು ನಿಮಿಷ ಕೊಟ್ಟು, ಇಪ್ಪತ್ನಾಲ್ಕು ಅಂಕದ ಭಾಗವನ್ನು ಹತ್ತೊಂಬತ್ತು ನಿಮಿಷಗಳಲ್ಲಿ ಓಡಿಸುವ ಪಾಠವನ್ನು ಪರೀಕ್ಷೆಯ ಪಾಠವೆಂದು ಕರೆಯುವುದು ಕಷ್ಟ. ಅದಕ್ಕಿಂತ ನನಗೆ ಸರಿಬೀಳದ ಸಂಗತಿ ಇನ್ನೊಂದಿದೆ. ಕವಿ ಮೂವತ್ತೆರಡು ಸಾಲುಗಳುದ್ದಕ್ಕೂ ನಾಲಗೆ ಕಚ್ಚಿಕೊಂಡು ಬಚ್ಚಿಟ್ಟ ಹೆಸರನ್ನು ಪಾಠವು ಎರಡನೆಯ ನಿಮಿಷದಲ್ಲಿಯೇ ದೊಡ್ಡ ಅಕ್ಷರಗಳಲ್ಲಿ ಪರದೆಯ ಮೇಲೆ ಹಾಕುತ್ತದೆ. ಜನರು ತನ್ನೆದುರಿಗೇ ಅವಳ ಹೆಸರೆತ್ತಿ ಆಡಿಕೊಳ್ಳುತ್ತಿದ್ದಾರೆ, ಅದು ತನ್ನ ಕಿವಿಗೆ ಸಾವಿನ ಗಂಟೆಯಂತೆ ಕೇಳಿಸುತ್ತಿದೆ, ತಾನು ಅವಳನ್ನು ಬಲ್ಲೆನೆಂಬುದು ಅವರಿಗೆ ಗೊತ್ತಿಲ್ಲ ಎಂದು ಕವಿ ಹೇಳುವ ಮೂರನೆಯ ಚರಣದ ಬಿಗಿ ಇರುವುದೇ ಆ ಹೆಸರು ನಮಗೂ ತಿಳಿಯದಿರುವುದರಲ್ಲಿ. ಕವಿತೆಯನ್ನು ಒಮ್ಮೆ ಪೂರ್ತಿ ಓದಿಸಿ, ಆಮೇಲೆ ಕಥೆ ಹೇಳಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ.

ಟಿಪ್ಪಣಿಯ ಹಾಳೆಯಲ್ಲಿ ಒಂದು ತಪ್ಪೂ ಇದೆ. ಎರಡನೆಯ ಚರಣದಲ್ಲಿ ‘ಲೈಟ್ ಈಸ್ ದೈ ಫೇಮ್’ ಎಂಬ ಸಾಲು ಬರುತ್ತದೆ. ಹಾಳೆಯು ಅಲ್ಲಿ ‘ಫೇಮ್’ ಎಂದರೆ ಪ್ರಸಿದ್ಧಿ, ಆಕೆ ಆಗಿನ ಸಮಾಜದಲ್ಲಿ ಹೆಸರುವಾಸಿಯಾಗಿದ್ದಳು ಎಂದು ವಿವರಿಸುತ್ತದೆ. ಆ ಸಾಲಿನಲ್ಲಿ ಈ ಪದಕ್ಕೆ ಮಾನ, ಮರ್ಯಾದೆ ಎಂಬ ಅರ್ಥವೇ ಹೊಂದುತ್ತದೆ. ಮರ್ಯಾದೆ ಹಗುರವಾಯಿತು ಎನ್ನುವುದು ತಾತ್ಪರ್ಯ. ಕನ್ನಡ ಬಲ್ಲ ಮಗುವಿಗೆ ಇದನ್ನು ತಿಳಿಸುವುದು ಬಹಳ ಸಲೀಸು. ಯಾರನ್ನಾದರೂ ಕುರಿತು ‘ಹಗುರವಾಗಿ ಮಾತಾಡಬೇಡ’ ಎಂದು ನಾವು ಮನೆಯಲ್ಲಿಯೇ ಹೇಳುವುದಿಲ್ಲವೇ? ‘ಹೆಸರು ಕೆಟ್ಟಿತು’ ಎನ್ನುವಾಗ ಕೆಡುವುದು ಕರೆಯುವ ಹೆಸರಲ್ಲ, ಮರ್ಯಾದೆ. ಇಂಗ್ಲಿಷಿನಲ್ಲಿ ಬೈರನ್ ಎರಡು ಪದಗಳಿಂದ ಮಾಡಿರುವ ಕೆಲಸವನ್ನು ನಮ್ಮ ‘ಹೆಸರು’ ಎಂಬ ಒಂದೇ ಪದ ಮಾಡುತ್ತದೆ. ಹೀಗೆ ಹೇಳಿದಾಗ ಮಗಳು ತಾನಾಗಿಯೇ ಪೆನ್ಸಿಲ್ ತೆಗೆದುಕೊಂಡು ‘ಫೇಮ್’, ‘ನೇಮ್’, ‘ಶೇಮ್’ ಮೂರಕ್ಕೂ ಸುತ್ತು ಹಾಕಿ, ‘ಅಪ್ಪ, ಇದು ಒಂದೇ ಚರಣದಲ್ಲಿದೆ’ ಎಂದಳು. ಮೂರೇ ಸಾಲುಗಳಲ್ಲಿ ಮರ್ಯಾದೆ, ಹೆಸರು, ಅವಮಾನ ಒಂದೇ ನಾದದಲ್ಲಿ ಸಾಲಾಗಿ ನಿಂತಿವೆ. ಹಾಳೆಯಲ್ಲಿ ಇದರ ಸುಳಿವಿರಲಿಲ್ಲ. ಉಳಿದಂತೆ ಹಾಳೆಯ ಮುದ್ರಣ ಅಚ್ಚುಕಟ್ಟಾಗಿದೆ. ಓದುವಾಗ ಎರಡೆರಡು ಕಡೆ ಒತ್ತು ಬೀಳುವ ಚಿಕ್ಕ ಸಾಲುಗಳು, ಒಂದು ಬಿಟ್ಟು ಒಂದು ಸಾಲಿನ ಅಂತ್ಯಪ್ರಾಸ ಇತ್ಯಾದಿಗಳನ್ನು ಸರಿಯಾಗಿ ಗುರುತಿಸಿದ್ದಾರೆ.

ಇನ್ನು ಪ್ರಬಂಧದ ತಿದ್ದುಪಡಿ. ಐದು ದಿನಗಳಲ್ಲಿ ಬರುತ್ತದೆ ಎಂದಿದ್ದು ಹನ್ನೊಂದು ದಿನಗಳ ನಂತರ, ಅದೂ ನಾನು ಎರಡು ಸಲ ನೆನಪಿಸಿದ ಮೇಲೆ ಬಂತು. ಅಣಕು ಪರೀಕ್ಷೆ ಹತ್ತಿರವಿದ್ದುದರಿಂದ ಮನೆಯಲ್ಲಿ ಸಾಕಷ್ಟು ಸಿಡಿಮಿಡಿಯಾಯಿತು. ಆದರೆ ಬಂದಿದ್ದನ್ನು ತೆರೆದು ನೋಡಿದಾಗ ನನ್ನ ಸಿಟ್ಟು ಅರ್ಧ ಇಳಿಯಿತು. ಮಗಳು ಕೊನೆಯ ಚರಣದ ‘ಇನ್ ಸೀಕ್ರೆಟ್ ವಿ ಮೆಟ್, ಇನ್ ಸೈಲೆನ್ಸ್ ಐ ಗ್ರೀವ್’ (ಗುಟ್ಟಾಗಿ ನಾವು ಭೇಟಿಯಾದೆವು, ಮೌನವಾಗಿ ನಾನು ಮರುಗುತ್ತೇನೆ) ಎಂಬ ಸಾಲುಗಳನ್ನು ಎತ್ತಿ ಬರೆದು, ಕವಿ ದುಃಖದಲ್ಲಿದ್ದಾನೆ ಎಂದಷ್ಟೇ ಹೇಳಿ ಮುಂದೆ ಹೋಗಿದ್ದಳು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದು ಪ್ರಶ್ನೆ ಇತ್ತು: ‘ನಾವು’ ಎಲ್ಲಿ ಹೋಯಿತು? ಕವಿತೆಯ ಮೊದಲ ಸಾಲಿನಲ್ಲಿ ‘ನಾವಿಬ್ಬರು’ ಎಂದಿದೆ. ನಂತರ ‘ನಾನು’, ‘ನೀನು’, ‘ಅವರು’ ಮಾತ್ರ ಇದ್ದು, ಇಪ್ಪತ್ತೈದನೆಯ ಸಾಲಿನಲ್ಲಿ ‘ನಾವು’ ಕೊನೆಯ ಬಾರಿ ತಲೆಯೆತ್ತಿ, ಮರುಸಾಲಿಗೇ ‘ನಾನು’ ಆಗಿಬಿಡುತ್ತದೆ. ಭೇಟಿಯಾಗುವಾಗ ಇಬ್ಬರಿದ್ದರು, ಅಳುವಾಗ ಒಬ್ಬನೇ. ಅದರ ಕೆಳಗೆ ಇನ್ನೊಂದು ಟಿಪ್ಪಣಿ: ಮೊದಲ ಚರಣದಲ್ಲಿ ಕಣ್ಣೀರಿನ ಸಾಲು ಮೊದಲು, ವರ್ಷಗಳ ಸಾಲು ನಂತರ, ಕೊನೆಯ ಚರಣದಲ್ಲಿ ಅದೇ ಪ್ರಾಸ ತಿರುಗುಮುರುಗಾಗಿ, ವರ್ಷಗಳು ಮೊದಲು ಬಂದು ಕಣ್ಣೀರು ಕೊನೆಗೆ ನಿಲ್ಲುತ್ತದೆ, ನಡುವಿನ ಕಾಲ ಏನನ್ನೂ ವಾಸಿ ಮಾಡಿಲ್ಲ, ಇದನ್ನು ಬರೆ. ಹದಿನಾರರ ಹುಡುಗಿಗೆ ಕವಿತೆ ಓದುವುದನ್ನು ಹೀಗೆ ಕಲಿಸಬೇಕು. ಇದೇ ಕೈ ವಿಡಿಯೊದಲ್ಲಿ ಏಕೆ ಕಾಣಲಿಲ್ಲವೋ ತಿಳಿಯದು.

ಒಂದು ವಿಷಯದಲ್ಲಿ ಮಾತ್ರ ವಿಡಿಯೊ, ಹಾಳೆ, ತಿದ್ದುಪಡಿ ಮೂರೂ ಎಡವಿವೆ ಎಂದು ನನಗನಿಸುತ್ತದೆ. ಮೂರೂ ಕವಿಯ ಪಕ್ಷ ವಹಿಸಿ, ಆಣೆ ಮುರಿದವಳು ಆಕೆ, ಮೋಸ ಹೋದವನು ಈತ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತವೆ. ‘ಗೆಳೆಯನ ಮನೆಯಲ್ಲಿ ಉಳಿದುಕೊಂಡು ಇವನು ಮಾಡಿದ್ದೇನು, ಮಾತು ತಪ್ಪಿದ್ದು ಅವಳೊಬ್ಬಳೇನಾ?’ ಎಂದು ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಅವಳ ಅವಮಾನದಲ್ಲಿ ತನಗೂ ಪಾಲಿದೆ ಎಂದು ಕವಿ ಒಂದು ಸಾಲಿನಲ್ಲಿ ಒಪ್ಪಿಕೊಳ್ಳುತ್ತಾನೆ, ಆದರೆ ಅದರ ಕಾರಣದಲ್ಲಿ ತನ್ನ ಪಾಲೆಷ್ಟೆಂದು ಎಲ್ಲಿಯೂ ಹೇಳುವುದಿಲ್ಲ. ‘ಅರ್ಧ ಮುರಿದ ಹೃದಯ’ ಎಂಬ ಮಾತೂ ಹಾಗೆಯೇ: ಇಬ್ಬರಿಗೂ ಅರ್ಧರ್ಧವೋ, ಇವನಿಗೆ ಅರ್ಧವಷ್ಟೇ ಮುರಿದಿತ್ತೋ? ಹಾಳೆಯು ಅದನ್ನು ತೀವ್ರ ನೋವಿನ ಸಂಕೇತವೆಂದು ಬರೆದು ಮುಗಿಸಿದೆ.

ಒಟ್ಟು ಮೊತ್ತದಲ್ಲಿ ಹನ್ನೆರಡು ಪೌಂಡಾದರೂ ಆ ಹಸಿರು ಶಾಯಿಗೇ ಸಲ್ಲಬೇಕೆಂಬುದು ನನ್ನ ಅಂದಾಜು. ವಿಡಿಯೊ ಬೇಡ, ಪ್ರಬಂಧವನ್ನಷ್ಟೇ ಬಿಡಿಯಾಗಿ ತಿದ್ದಿಕೊಡುವಿರಾ ಎಂದು ಅವರಿಗೆ ಬರೆದು ಕೇಳಿದೆ. ಒಂದಕ್ಕೆ ಹತ್ತು ಪೌಂಡ್, ಈ ಸಲ ಒಂದು ವಾರದೊಳಗೆ ಎಂದು ಅದೇ ದಿನ ಉತ್ತರ ಬಂತು. ಪರೀಕ್ಷೆಯಲ್ಲಿ ಒಂದು ಕವಿತೆಯನ್ನು ಮುದ್ರಿಸಿ ಕೊಟ್ಟು, ಹೋಲಿಕೆಗೆ ಗುಚ್ಛದ ಇನ್ನೊಂದನ್ನು ನೆನಪಿನಿಂದಲೇ ತರಲು ಹೇಳುವುದರಿಂದ, ಮಗಳು ಈಗ ಥಾಮಸ್ ಹಾರ್ಡಿಯ ‘ನ್ಯೂಟ್ರಲ್ ಟೋನ್ಸ್’ ಬಾಯಿಪಾಠ ಮಾಡುತ್ತಿದ್ದಾಳೆ. ಎರಡನ್ನೂ ಹೋಲಿಸಿ ಬರೆದ ಪ್ರಬಂಧ ಬರುವ ಸೋಮವಾರ ಅವರಿಗೆ ಹೋಗಲಿದೆ.