ಕಪ್ಪುಹಲಗೆಯೋ, ಸ್ಲೈಡೋ?

ಹೊಸ ಪಾಠ ಕೇಳುವಾಗ ವಿದ್ಯಾರ್ಥಿಯ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ಬಹಳ ಕಡಿಮೆ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಅದು ಏಳು ಸಂಗತಿಗಳ ಆಸುಪಾಸು ಎಂದರು. ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಪಾಠಕ್ಕೆ ಹಲಗೆಯೋ ಸ್ಲೈಡೋ ಎಂಬ ಆಯ್ಕೆಗೆ ಇದೇ ಅಳತೆಗೋಲು.

ವರ್ಗಸಮೀಕರಣ ಬಿಡಿಸುವುದಿದ್ದರೆ ಹಲಗೆಯೇ ಮೇಲು. ಸೀಮೆಸುಣ್ಣ ಓಡುವಷ್ಟೇ ವೇಗದಲ್ಲಿ ಪಾಠ ಸಾಗುತ್ತದೆ; ಮೂರನೇ ಸಾಲಿನಲ್ಲಿ ಚಿಹ್ನೆ ಏಕೆ ಬದಲಾಯಿತೆಂದು ನೋಡಲು ಮೊದಲ ಸಾಲು ಅಲ್ಲೇ ಇರುತ್ತದೆ. ಸ್ಲೈಡಿನಲ್ಲಾದರೆ ಅದು ಎಷ್ಟೋ ಸಲ ಆಗಲೇ ಮಾಯ.

ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು ತೋರಿಸಲು ಮಾತ್ರ ಹಲಗೆ ಸೋಲುತ್ತದೆ. ಅಲ್ಲಿ ಅನಿಮೇಷನ್ ಬೇಕು, ನಡುನಡುವೆ ನಿಲ್ಲಿಸುತ್ತ. ಪರದೆಯ ತುಂಬ ವಾಕ್ಯ ತುಂಬಿ ಅದನ್ನೇ ಗಟ್ಟಿಯಾಗಿ ಓದುವ ಶಿಕ್ಷಕರಿದ್ದಾರಲ್ಲ, ಅವರಿಗೆ ಯಾವ ಉಪಕರಣವೂ ಒದಗಿಬರದು: ಮಕ್ಕಳ ಕಣ್ಣು ಒಂದು ಸಾಲಿನಲ್ಲಿ, ಕಿವಿ ಇನ್ನೊಂದರಲ್ಲಿ. ಪರದೆಗೆ ಚಿತ್ರ ಬಿಟ್ಟು ವಿವರಣೆಯನ್ನು ಬಾಯಲ್ಲೇ ಹೇಳುವವರು ಧೈರ್ಯವಾಗಿ ಸ್ಲೈಡ್ ಆರಿಸಿಕೊಳ್ಳಬಹುದು.