ಎಂಟು ವರ್ಷ ಬಳಸಿದ ಮೇಲೆ: ನಮ್ಮ ಲ್ಯಾಬಿನ ಗ್ಯಾಸ್ ಡೆಡ್‌ವೇಯ್ಟ್ ಟೆಸ್ಟರ್

ನಮ್ಮ ಬೆಂಗಳೂರಿನ ಲ್ಯಾಬಿಗೆ ಈ ಡೆಡ್‌ವೇಯ್ಟ್ ಟೆಸ್ಟರ್ ಬಂದು ಎಂಟು ವರ್ಷವಾಯಿತು. ಗೊತ್ತಿರುವ ತೂಕವನ್ನು ಗೊತ್ತಿರುವ ವಿಸ್ತೀರ್ಣದ ಪಿಸ್ಟನ್ ಮೇಲಿಟ್ಟು ನಿಖರವಾದ ಒತ್ತಡ ಹುಟ್ಟಿಸುವ ಉಪಕರಣ ಇದು. ವಾತಾವರಣ ಸೀಳಿಕೊಂಡು ಇಳಿಯುವ ನೌಕೆಗಳ ವಿಂಡ್ ಟನೆಲ್ ಮಾದರಿಗಳಿಗೆ ಹಾಕುವ ಪ್ರೆಷರ್ ಸೆನ್ಸರ್‌ಗಳನ್ನು ಇದರಲ್ಲೇ ಕ್ಯಾಲಿಬ್ರೇಟ್ ಮಾಡುತ್ತೇವೆ. ಕೊಳ್ಳಬಹುದೇ ಎಂದು ಕೇಳುವವರಿಗೆ ಹೇಳುತ್ತೇನೆ, ಖಂಡಿತ ಕೊಳ್ಳಿ. ಆದರೆ ಪೆಟ್ಟಿಗೆ ಬಿಚ್ಚಿದ ದಿನವೇ ಅದರ ರೀಡಿಂಗ್ ನಂಬಬೇಡಿ.

ಸಿಲಿಂಡರಿನೊಳಗೆ ಒಂದು ಮೈಕ್ರಾನ್‌ಗೂ ಕಡಿಮೆ ಸಂದಿಯಲ್ಲಿ ಪಿಸ್ಟನ್ ತೇಲುತ್ತಾ ತಿರುಗುತ್ತದೆ. ಕೆಳಗೆ ನೈಟ್ರೋಜನ್, ಮೇಲೆ ತೂಕದ ಬಿಲ್ಲೆಗಳು. ಅದರ ಮೇಲೆ ಗಂಟೆಯಾಕಾರದ ಮುಚ್ಚಳ, ಅಂದರೆ ಬೆಲ್ ಜಾರ್ ಮುಚ್ಚಿ ಗಾಳಿ ಎಳೆದರೆ ಸೊನ್ನೆಯಿಂದ ಎಣಿಸಿದ ನಿಜವಾದ ಒತ್ತಡ ಸಿಗುತ್ತದೆ.

ಮೊದಲ ವಾರ ಯಾವ ಸೆನ್ಸರ್ ಹಾಕಿದರೂ ಪ್ರತಿ ಪಾಯಿಂಟಿನಲ್ಲೂ (ಪರೀಕ್ಷಿಸುವ ಒತ್ತಡದ ಪ್ರತಿ ಹಂತದಲ್ಲೂ) 0.27% ಕಡಿಮೆ ತೋರಿಸುತ್ತಿತ್ತು. ಎರಡು ದಿನ ಲೀಕ್ ಹುಡುಕಿದೆವು, ಓ-ರಿಂಗ್ ಬದಲಿಸಿದೆವು. ಕೊನೆಗೆ ನೋಡಿದರೆ ಸಾಫ್ಟ್‌ವೇರಿನಲ್ಲಿ ಗುರುತ್ವ ಪ್ರಮಾಣಿತ ಮೌಲ್ಯವಾದ 9.80665 ಮೀ/ಸೆ² ಎಂದೇ ಇತ್ತು. ಬೆಂಗಳೂರು ಸಮಭಾಜಕಕ್ಕೆ ಹತ್ತಿರ, ಜೊತೆಗೆ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ಅದು ಸುಮಾರು 9.780. ಅಂದರೆ 10 ಕಿಲೋಪಾಸ್ಕಲ್ ಕೊಡಬೇಕಾದ ಒಂದು ಕೆಜಿ ಬಿಲ್ಲೆ ನಮ್ಮೂರಲ್ಲಿ ಕೊಡುವುದು 9.973. ತಪ್ಪು ಸೆನ್ಸರ್‌ಗಳದ್ದಲ್ಲ, ನಮ್ಮದು.

0.27% ಅಷ್ಟೇ ತಾನೆ ಎಂದು ಬಿಡುವಂತಿಲ್ಲ. 2012ರ ಆಗಸ್ಟಿನಲ್ಲಿ ಮಂಗಳದ ಮೇಲೆ ಇಳಿದ ನಾಸಾದ ಕ್ಯೂರಿಯಾಸಿಟಿ ರೋವರಿನ ಶಾಖಕವಚದಲ್ಲಿ ಏಳು ಸಣ್ಣ ರಂಧ್ರಗಳಿದ್ದವು, ಒಂದೊಂದರ ಹಿಂದೆ ಒಂದೊಂದು ಪ್ರೆಷರ್ ಸೆನ್ಸರ್. ಆ ಏಳು ಅಂಕಿಗಳಿಂದಲೇ ನೌಕೆ ಯಾವ ಕೋನದಲ್ಲಿ ಬಂತು, ಅದಕ್ಕೆ ಎದುರಾದ ಗಾಳಿಯ ಒತ್ತಡ ಎಷ್ಟು ಎಂದು ಲೆಕ್ಕ ಹಾಕಬೇಕಿತ್ತು. ಎದುರಾದ ಗಾಳಿಯ ಆ ಒತ್ತಡ, ಅಂದರೆ ಡೈನಾಮಿಕ್ ಪ್ರೆಷರ್, 850 ಪಾಸ್ಕಲ್ ದಾಟಿದ ಮೇಲೆ ಅದನ್ನು 2% ಒಳಗೆ, ಕೋನವನ್ನು ಅರ್ಧ ಡಿಗ್ರಿ ಒಳಗೆ ಹೇಳಬೇಕೆಂಬುದು ಗುರಿ. ಆ 2%ರಲ್ಲಿ ಏಳನೇ ಒಂದು ಪಾಲನ್ನು ಊರಿನ ಗುರುತ್ವವೇ ನುಂಗಿಬಿಟ್ಟರೆ ತಾಪಮಾನಕ್ಕೆ, ಕಾಲ ಕಳೆದಂತೆ ಸೆನ್ಸರ್ ರೀಡಿಂಗ್ ಜಾರುವ ಡ್ರಿಫ್ಟ್‌ಗೆ ಉಳಿಯುವುದೆಷ್ಟು? ಒತ್ತಡವೇ ಇಲ್ಲದಾಗಿನ ರೀಡಿಂಗನ್ನು, ಅಂದರೆ ಝೀರೋವನ್ನಾದರೂ ವಾತಾವರಣ ಮುಟ್ಟುವ ಮುಂಚೆ ಬಾಹ್ಯಾಕಾಶದ ನಿರ್ವಾತದಲ್ಲೇ ಇನ್ನೊಮ್ಮೆ ನೋಡಿಕೊಳ್ಳಬಹುದು. ಸ್ಪ್ಯಾನ್, ಅಂದರೆ ಒತ್ತಡ ಏರಿದಂತೆ ರೀಡಿಂಗ್ ಎಷ್ಟು ಏರಬೇಕೆಂಬ ಲೆಕ್ಕ, ಹಾಗಲ್ಲ. ನೆಲದಲ್ಲಿ ನಾವು ಕೊಟ್ಟು ಕಳಿಸಿದ ಅಂಕಿಯನ್ನೇ ಅದು ಅಲ್ಲಿವರೆಗೂ ಹೊತ್ತುಕೊಂಡು ಹೋಗುತ್ತದೆ. ಅದಕ್ಕೇ ಈ ಕೆಲಸದಲ್ಲಿ ನನಗೆ ಇಷ್ಟು ಹಟ.

ಮೂರನೇ ವರ್ಷದ ಮಳೆಗಾಲದಲ್ಲಿ, ಹತ್ತು ನಿಮಿಷ ತಾನಾಗಿ ತಿರುಗುತ್ತಿದ್ದ ಪಿಸ್ಟನ್ ಎರಡೇ ನಿಮಿಷಕ್ಕೆ ನಿಂತಿತು. ಹೊರತೆಗೆದು ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಹೆಬ್ಬೆರಳಿನ ಗುರುತು. ಅಪ್ಪಟ ಆಲ್ಕೋಹಾಲ್ ಹಾಕಿ, ನೂಲು ಬಿಡದ ಕಾಗದದಲ್ಲಿ ಮೂರು ಸಲ ಒರೆಸಿದ ಮೇಲೆ ಸರಿಹೋಯಿತು. ಅಂದಿನಿಂದ ಗ್ಲೌಸ್ ಇಲ್ಲದೆ ಯಾರೂ ಅದನ್ನು ಮುಟ್ಟುವುದಿಲ್ಲ, ಬಿಲ್ಲೆಗಳನ್ನೂ ಅಷ್ಟೇ.

ಕೊರತೆಗಳೂ ಇವೆ. ಪ್ರತಿ ಪಾಯಿಂಟಿಗೂ ಗಾಳಿ ಬಿಟ್ಟು, ಜಾರ್ ಎತ್ತಿ, ಬಿಲ್ಲೆ ಇಟ್ಟು, ಮತ್ತೆ ಪಂಪ್ ಓಡಿಸಬೇಕು; ಇಪ್ಪತ್ತು ನಿಮಿಷ ಹೋಗುತ್ತದೆ. ಹನ್ನೊಂದು ಪಾಯಿಂಟ್ ಏರಿ ಇಳಿಯುವಷ್ಟರಲ್ಲಿ ದಿನ ಮುಗಿಯುತ್ತದೆ, ಅದೂ ಒಂದು ತಾಪಮಾನಕ್ಕೆ ಮಾತ್ರ. ಜಾರಿನಲ್ಲಿ ಉಳಿದ ಒಂದು ಪಾಸ್ಕಲ್ ಅನ್ನೂ ಅಳೆದು ಲೆಕ್ಕಕ್ಕೆ ಸೇರಿಸಬೇಕು. ಪಿಸ್ಟನ್ನಿನ ಸ್ವಂತ ತೂಕವೇ 5 ಕಿಲೋಪಾಸ್ಕಲ್ ಆಗುವುದರಿಂದ ಅದಕ್ಕಿಂತ ಕೆಳಗೆ ಇದು ಕೆಲಸಕ್ಕೆ ಬಾರದು. ಅಲ್ಲಿಗೆ ಕಡಿಮೆ ಒತ್ತಡ ಅಳೆಯುವ ಕೆಪಾಸಿಟೆನ್ಸ್ ಗೇಜ್ ಬೇರೆ ಕೊಳ್ಳಲೇಬೇಕು. ಮಾರುವಾಗ ಇದನ್ನು ನಮಗೆ ಯಾರೂ ಹೇಳಲಿಲ್ಲ. ಸರ್ವೀಸಿಗೆ ಕಳಿಸಿದಾಗ ಒಮ್ಮೆ ಹನ್ನೊಂದು ವಾರ ಕಾದಿದ್ದೇವೆ, ನಡುವೆ ಒಂದು ಫೋನೂ ಇಲ್ಲ.

ಮೂರು ಸಲ ಮರು ಕ್ಯಾಲಿಬ್ರೇಶನ್ ಆಗಿದೆ. ಪಿಸ್ಟನ್ನಿನ ವಿಸ್ತೀರ್ಣ ಲಕ್ಷಕ್ಕೆ ಒಂದು ಪಾಲಿನಷ್ಟೂ ಬದಲಾಗಿಲ್ಲ.